ಕುಂಕುಮ ಹಚ್ಚಿಸಿಕೊಂಡ ಡಿಸ್ಕುಗಳು

ನಮ್ಮ ಮನೆಯ ಹಾರ್ಡ್ ಡಿಸ್ಕುಗಳಿಗೆಲ್ಲ ಕುಂಕುಮವಿದೆ. ಒಂದಕ್ಕೂ ತಪ್ಪಿಲ್ಲ. ಆಯುಧ ಪೂಜೆ ಬಂತೆಂದರೆ ನನ್ನ ಹೆಂಡತಿ ಟ್ರಂಕು ತೆಗೆದು, ಅವನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ಮಲಗಿಸಿ, ವಿಭೂತಿ ಎಳೆದು, ಅದರ ಮೇಲೆ ಕುಂಕುಮದ ಬೊಟ್ಟಿಟ್ಟು, ಒಂದೊಂದಕ್ಕೆ ಒಂದೊಂದು ಚೆಂಡುಹೂವು ಇಡುತ್ತಾಳೆ. ಆಂಧ್ರದ ಗಡಿಯಲ್ಲಿರುವ ನಮ್ಮ ಆದೋನಿಯಲ್ಲಿ ಆ ದಿನ ಹತ್ತಿ ಮಿಲ್ಲಿನ ಯಂತ್ರದಿಂದ ಹಿಡಿದು ದರ್ಜಿಯ ಕತ್ತರಿಯವರೆಗೆ ಎಲ್ಲಕ್ಕೂ ಪೂಜೆ. ನಮಗೆ ಅನ್ನ ಹಾಕಿದ್ದು ಕ್ಯಾಮೆರಾ ಮತ್ತು ಕಂಪ್ಯೂಟರು, ಹಾಗಾಗಿ ನಮ್ಮ ಮನೆಯಲ್ಲಿ ಅವಕ್ಕೆ ಪೂಜೆ. ಇದರಲ್ಲಿ ನಗುವಂಥದ್ದೇನೂ ಇಲ್ಲ.

ನಗುವಂಥದ್ದು ಬೇರೆ ಇದೆ. ಡಿಸ್ಕಿಗೆ ಮುಖ ಯಾವುದು, ಬೆನ್ನು ಯಾವುದು ಎಂದು ನಮ್ಮಿಬ್ಬರಲ್ಲಿ ಮೊದಲ ವರ್ಷವೇ ಜಗಳವಾಯಿತು. ಹೆಸರು, ನಂಬರು ಬರೆದ ಚೀಟಿ ಅಂಟಿಸಿದ ಕಡೆ ಮುಖ ಅಂತ ನಾನು. ಅವಳು ಒಪ್ಪಲಿಲ್ಲ.

“ಕಬಡ್ಡಿ ಆಡೋರ ನಂಬರ್ ಎಲ್ಲಿ ಇರತೈತಿ? ಬೆನ್ನಿಗೆ ಅಲ್ಲೇನ್ರಿ? ಇದು ಬೆನ್ನು. ಈ ಕಡಿ ಹೊಳ್ಳಿಸಿ ನೋಡ್ರಿ, ಹಸರು ಹಲಗಿ. ಕಣ್ಣು ಮೂಗು ಎಲ್ಲಾ ಇಲ್ಲೇ ಅದಾವ” ಅಂದಳು.

ಹಸಿರು ಹಲಗೆ ಅಂದರೆ ಡಿಸ್ಕಿನ ಹೊಟ್ಟೆಯ ಕೆಳಗೆ ಬಿಗಿದಿರುವ ಸರ್ಕ್ಯೂಟ್ ಬೋರ್ಡು. ಅದರ ಮೇಲೆ ಅವಳು ನೀರಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಲ್ಲಿ ಒತ್ತಿ ಇಟ್ಟಳು. ಮನೆಯಲ್ಲಿ ನೆಮ್ಮದಿ ಮುಖ್ಯ ಅಂತ ನಾನು ಸುಮ್ಮನಾದೆ. ಹೀಗೆ ವರ್ಷಾ ವರ್ಷಾ ನಮ್ಮ ಡಿಸ್ಕುಗಳ ಮುಖಕ್ಕೆ ಒದ್ದೆ ಕುಂಕುಮ ಏರುತ್ತಾ ಹೋಯಿತು.

ಆಗ ಈ ಕಸುಬಿನಲ್ಲಿ ನಾವು ಇಬ್ಬರಿದ್ದೆವು, ನಾನು ಮತ್ತು ನನ್ನ ಗೆಳೆಯ. ಹೈಸ್ಕೂಲಿನಲ್ಲಿ ಒಂದೇ ಬೆಂಚು. ಪಾಠವೆಲ್ಲ ತೆಲುಗಿನಲ್ಲಿ, ಮನೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ ಸೇರಿಸಿ. ಓದು ಇಬ್ಬರ ತಲೆಗೂ ಹತ್ತಲಿಲ್ಲ. ಮಾರ್ಕೆಟ್ ರಸ್ತೆಯಲ್ಲಿ ಒಂದು ಕೋಣೆ ಹಿಡಿದು ಫೋಟೋ ವಿಡಿಯೋ ಸ್ಟುಡಿಯೋ ಹಾಕಿದೆವು. ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹಾಗಾಗಿ ಕ್ಯಾಮೆರಾ ಅವನ ಹೆಗಲಿಗೆ ಹೋಯಿತು, ಕಂಪ್ಯೂಟರಿನ ಮುಂದಿನ ಕುರ್ಚಿ ನನಗೆ ಬಂತು.

ಮದುವೆಯ ಕಾಲ ಬಂದರೆ ಅವನು ಊರಲ್ಲಿ ಇರುತ್ತಲೇ ಇರಲಿಲ್ಲ. ಇವತ್ತು ದೇವನಕೊಂಡ, ನಾಳೆ ಪೆದ್ದಕಡುಬೂರು, ನಾಡಿದ್ದು ಹಾಲಹರವಿ. ಹೆಗಲಿಗೆ ಕ್ಯಾಮೆರಾ, ಕಂಕುಳಲ್ಲಿ ಲೈಟಿನ ಸ್ಟ್ಯಾಂಡು, ಬಸ್ಸಿನ ಟಾಪಿನ ಮೇಲೆ ವೈರಿನ ಸುರುಳಿ. ವಾಪಸು ಬರುವಾಗ ಹೆಗಲ ಮೇಲೆ ಮದುವೆ ಮನೆಯವರು ಹಾಕಿದ ಹೊಸ ಟವೆಲ್ಲು, ಕೈಯಲ್ಲಿ ಎಲೆಯಡಿಕೆಯ ಚೀಲ. ಆ ಟವೆಲ್ಲುಗಳು ಎಷ್ಟು ಬಂದವೆಂದರೆ ಒರೆಸಿಕೊಳ್ಳಲು ನಮಗೆ ಅಷ್ಟು ಮೈ ಇರಲಿಲ್ಲ. ಡಿಸ್ಕುಗಳನ್ನು ಸುತ್ತಿಡಲು ಉಪಯೋಗಕ್ಕೆ ಬಂದವು. ಇವತ್ತಿಗೂ ಟ್ರಂಕಿನಲ್ಲಿ ಒಂದೊಂದು ಡಿಸ್ಕೂ ಒಂದೊಂದು ಮದುವೆಯ ಟವೆಲ್ಲು ಹೊದ್ದು ಮಲಗಿದೆ.

ಅವನ ಕೆಲಸ ಚೆನ್ನಾಗಿತ್ತು. ಆದರೆ ಬಾಯಿ! ಕ್ಯಾಮೆರಾ ಆನ್ ಆಯಿತೆಂದರೆ ಅವನ ಬಾಯಿಯೂ ಆನ್ ಆಗುತ್ತಿತ್ತು. “ಏ ಕೆಂಪು ಅಂಗಿ, ಸರೀ ಪಕ್ಕಕ್ಕ! ನಿನ್ನ ತಲಿ ಏನ್ ಪಡದಾ ಐತೇನು?” ಅಂತ ಒಬ್ಬನಿಗೆ. “ಅಮ್ಮಾ, ಕೊಂಚಂ ವೆನಕ್ಕಿ, ವೆನಕ್ಕಿ!” ಅಂತ ತೆಲುಗಿನ ಬೀಗರನ್ನು ಹಿಂದಕ್ಕೆ ತಳ್ಳುವುದು. “ಭಾಯ್, ಲೈಟ್ ಊಪರ್!” ಅಂತ ಲೈಟಿನವನಿಗೆ. ಒಮ್ಮೆಯಂತೂ ತಾಳಿ ಕಟ್ಟಿಯಾದ ಮೇಲೆ, “ಪೂಜಾರ್ರ, ಇನ್ನೊಮ್ಮೆ ಕಟ್ಟಸ್ರಿ, ನನಗ ಬರ್ಲಿಲ್ಲ!” ಅಂದುಬಿಟ್ಟ. ಹುಡುಗಿಯ ಸೋದರಮಾವ ಹೊಡೆಯಲಿಕ್ಕೇ ಬಂದಿದ್ದ.

ಇಷ್ಟೆಲ್ಲ ಕ್ಯಾಸೆಟ್ಟಿನಲ್ಲಿ ಬಂದು ಕೂರುತ್ತಿತ್ತು. ಕ್ಯಾಮೆರಾದ ಮೈಕಿಗೆ ಎಲ್ಲರಿಗಿಂತ ಹತ್ತಿರ ಇದ್ದವನು ಅವನೇ ತಾನೆ? ಮಂತ್ರ ಕೇಳುತ್ತಿರಲಿಲ್ಲ, ಸೋಬಾನೆ ಕೇಳುತ್ತಿರಲಿಲ್ಲ, ಇವನ ಒದರಾಟ ಮಾತ್ರ ಸ್ಪಷ್ಟ. ಅದನ್ನೆಲ್ಲ ತೆಗೆದು ಹಾಕಿ, ಮೇಲೆ ಸಿನಿಮಾ ಹಾಡು ಹಚ್ಚುವುದು ನನ್ನ ಕೆಲಸ. ಆ ಕಾಲದಲ್ಲಿ ಎಲ್ಲ ಸ್ಟುಡಿಯೋದವರೂ ಹಾಗೇ ಮಾಡುತ್ತಿದ್ದರು. ಅರಿಶಿನಕ್ಕೊಂದು ಹಾಡು, ತಾಳಿಗೊಂದು ಹಾಡು, ಊಟದ ಪಂಕ್ತಿಗೊಂದು ಕುಣಿಯುವ ಹಾಡು. ಗಂಡು ಹೆಣ್ಣಿನ ಮುಖ ಗುಲಾಬಿ ಹೂವಿನೊಳಗಿಂದ ಅರಳಿ ಬರುವುದು, ಎರಡು ಹಂಸ ಈಜಿಕೊಂಡು ಹೋಗುವುದು. ಅವನ ಗಲಾಟೆಗೆ ತಲೆನೋವು ಬರುತ್ತದೆ ಅಂತ ನಾನು ಸ್ಪೀಕರ್ ಬಂದ್ ಮಾಡಿಕೊಂಡೇ ಎಡಿಟಿಂಗಿಗೆ ಕೂರುತ್ತಿದ್ದೆ. ನನ್ನ ಹರೆಯದ ಮುಕ್ಕಾಲು ಭಾಗ ಆ ಮನುಷ್ಯನ ಬಾಯಿ ಮುಚ್ಚಿಸುವುದರಲ್ಲೇ ಹೋಯಿತು ಅಂತ ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದೆ. ಅವನೂ ನಗುತ್ತಿದ್ದ.

ಆಮೇಲೆ ಅವನು ಹೋಗಿಬಿಟ್ಟ. ಜ್ವರ ಅಂತ ಮಲಗಿದವನು ವಾರದೊಳಗೆ ಇಲ್ಲವಾದ. ಹೆಂಡತಿ ಮಗಳನ್ನು ಎತ್ತಿಕೊಂಡು ತವರು ಪೆದ್ದಕಡುಬೂರಿಗೆ ಹೋದಳು. ಮಗಳಿಗೆ ಆಗ ಮೂರೋ ನಾಲ್ಕೋ. ನಾನು ಬೇರೆ ಬೇರೆ ಕ್ಯಾಮೆರಾದವರನ್ನು ಇಟ್ಟುಕೊಂಡು ಸ್ಟುಡಿಯೋ ನಡೆಸಿದೆ. ಎಲ್ಲರೂ ಬಾಯಿ ಮುಚ್ಚಿಕೊಂಡು ಕೆಲಸ ಮಾಡುವವರೇ. ಎಡಿಟಿಂಗ್ ಸುಲಭವಾಯಿತು. ನನಗೆ ಮಾತ್ರ ಆ ಕುರ್ಚಿಯಲ್ಲಿ ಕೂರಲು ಮೊದಲಿನ ಹುರುಪು ಉಳಿಯಲಿಲ್ಲ. ಈಗ ಡ್ರೋನ್ ಹಾರಿಸುವ ಹುಡುಗರ ಕಾಲ. ಸ್ಟುಡಿಯೋ ಮುಚ್ಚಿ, ಮನೆಯ ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆದುಕೊಡುತ್ತಾ ಕೂತಿದ್ದೇನೆ.

ಆ ಮಗಳು ಈಗ ಆದೋನಿಯ ವಾರ್ಡ್ ಸಚಿವಾಲಯದಲ್ಲಿ, ಅಂದರೆ ಬಡಾವಣೆಯ ಸರ್ಕಾರಿ ಕಚೇರಿಯಲ್ಲಿ, ನೌಕರಿ ಮಾಡುತ್ತಾಳೆ. ಪೆದ್ದಕಡುಬೂರಿನಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಾಳೆ. ನನ್ನನ್ನು ಕಾಕಾ ಅನ್ನುತ್ತಾಳೆ, ನನ್ನ ಹೆಂಡತಿಯನ್ನು ಚಿಗವ್ವ. ಹಬ್ಬಕ್ಕೆ ಹುಣ್ಣಿಮೆಗೆ ಬಂದು ಊಟ ಮಾಡಿ ಹೋಗುವುದುಂಟು. ಹೋದ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆಯೇ ಬಂದಳು. ಚಹಾ ಕುಡಿದಾದ ಮೇಲೂ ಲೋಟ ಕೆಳಗಿಡಲಿಲ್ಲ.

“ಕಾಕಾ, ನಮ್ಮಪ್ಪನ ದನಿ ನಿಮ್ಮತ್ರ ಎಲ್ಲ್ಯಾರ ಐತೇನ್ರಿ?” ಅಂದಳು.

ಅವಳೇ ಮುಂದುವರಿಸಿದಳು. “ಫೋಟೋ ಐತ್ರಿ, ಮುಖ ಗೊತ್ತೈತಿ. ದನಿ ಗೊತ್ತಿಲ್ಲ. ನಮ್ಮವ್ವನ್ನ ಕೇಳಿದ್ರ, ಎರಡು ಓಣಿ ದಾಟಿ ಕೇಳ್ತಿತ್ತು ಅಂತಾಳ. ಅದರಾಗ ನನಗೇನ್ ತಿಳೀತೈತಿ? ನನ್ನ ಜೊತಿ ಹೆಂಗ ಮಾತಾಡ್ತಿದ್ದ ಅಂತ ಕೇಳಿದ್ರ ಸುಮ್ಮಕಾಗ್ತಾಳ. ಮದುವಿ ಸೀಜನ್ನಿನ್ಯಾಗ ಮನೀಗೇ ಬರ್ತಿದ್ದಿಲ್ಲ ಅಂತಾಳ, ಅಷ್ಟ.”

ಅಷ್ಟು ಹೇಳಿ ಲೋಟ ಕೆಳಗಿಟ್ಟಳು. ಕ್ಯಾಮೆರಾ ಹಿಡಿದವನ ಚಿತ್ರವನ್ನು ಯಾರು ತೆಗೆಯುತ್ತಾರೆ? ಅರ್ಧ ತಾಲೂಕಿನ ಮದುವೆ ತೆಗೆದವನು ಒಂದರಲ್ಲೂ ಇಲ್ಲ. ಊರೂರಿನಲ್ಲಿ ಜನರ ಅಲಮಾರಿಯಲ್ಲಿರುವ ನಮ್ಮ ಸಿ.ಡಿ.ಗಳಲ್ಲೆಲ್ಲ ಸಿನಿಮಾ ಹಾಡು. ಅವನ ದನಿ ಇದ್ದರೆ ಒಂದೇ ಕಡೆ ಇರಬೇಕು, ಎಡಿಟ್ ಮಾಡುವ ಮೊದಲು ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಹಸಿ ವಿಡಿಯೋದಲ್ಲಿ. ಕ್ಯಾಸೆಟ್ಟುಗಳನ್ನು ಮತ್ತೆ ಮತ್ತೆ ಬಳಸಿ ಸವೆಸಿದ್ದೆವು. ಡಿಸ್ಕುಗಳನ್ನು ಮಾತ್ರ ನಾನು ಬಿಸಾಡಿರಲಿಲ್ಲ. ನಾನು ಹಳೆಯ ಚಪ್ಪಲಿಯನ್ನೂ ಬಿಸಾಡದ ಪೈಕಿ. ಅದಕ್ಕಾಗಿ ಹೆಂಡತಿಯಿಂದ ಬೈಸಿಕೊಂಡದ್ದು ಅವತ್ತೊಂದು ದಿನ ಸಾರ್ಥಕ ಅನ್ನಿಸಿತು.

ಟ್ರಂಕು ತೆಗೆದೆವು. ಟವೆಲ್ಲು ಬಿಚ್ಚಿ ಬಿಚ್ಚಿ ಡಿಸ್ಕುಗಳನ್ನು ಹೊರಗಿಟ್ಟೆವು. ಕೆಲವಕ್ಕೆ ಹತ್ತಿಯ ಎಳೆ ಮೆತ್ತಿಕೊಂಡಿತ್ತು. ಸುಗ್ಗಿಯ ತಿಂಗಳುಗಳಲ್ಲಿ ಈ ಊರಲ್ಲಿ ಗಾಳಿಯಲ್ಲೇ ಹತ್ತಿ ಹಾರಾಡುತ್ತದೆ, ಕಂಪ್ಯೂಟರಿನ ಫ್ಯಾನು ಬಿಚ್ಚಿದರೆ ಒಂದು ದೀಪದ ಬತ್ತಿಗಾಗುವಷ್ಟು ಸಿಗುತ್ತದೆ. ಹುಡುಗಿ ಡಿಸ್ಕಿನ ಹೊಟ್ಟೆಯ ಕುಂಕುಮ ನೋಡಿ ನನ್ನ ಮುಖ ನೋಡಿದಳು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಬೇರೆ ಕಡೆ ನೋಡಿದಳು.

ಹುಡುಗಿಗೆ ಆಫೀಸಿನ ಶಿಸ್ತು. “ಮೊದಲು ಎಲ್ಲಾ ಡಿಸ್ಕು ಫುಲ್ ಚೆಕ್ ಮಾಡೋಣ್ರಿ, ಯಾವುದು ಚಲೋ ಐತಿ, ಯಾವುದು ಕೆಟ್ಟೈತಿ ಅಂತ ತಿಳಕೊಂಡು ಆಮ್ಯಾಲ ಕಾಪಿ ಮಾಡೋಣ” ಅಂದಳು.

“ಬ್ಯಾಡವ್ವ” ಅಂದೆ. “ಕೈಲಾಗದ ಮುದುಕನ್ನ ಓಡಿಸಿ ಪರೀಕ್ಷಾ ಮಾಡ್ತಾರೇನು? ಓಡಾಗ ಬಿದ್ದು ಸತ್ರ? ಮೊದಲು ಆತ ಹೇಳೋ ಮಾತು ಕೇಳಿಕೊಂಡು ಬಿಡೋಣ. ಚೆಕ್ ಆಮ್ಯಾಲ.”

ನನ್ನ ಪದ್ಧತಿ ಹೀಗೆ. ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿ, ಮೊದಲು ಕಿವಿ ಕೊಟ್ಟು ಕೇಳುವುದು. ಸಣ್ಣಗೆ ಗುಂಯ್‌ಗುಟ್ಟಿದರೆ ಪರವಾಗಿಲ್ಲ. ಟಕ್ ಟಕ್ ಅಂದರೆ ಕೂಡಲೇ ಕರೆಂಟು ತೆಗೆಯಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಅದರ ಆರೋಗ್ಯ ತೋರಿಸುವ ಪ್ರೋಗ್ರಾಮು ನೋಡುವುದು. ನೀಲಿ ಬಣ್ಣ ಬಂದರೆ ಗಟ್ಟಿ, ಹಳದಿ ಬಂದರೆ ಒಳಗೆ ಓದಲಾಗದ ಜಾಗಗಳು ಹುಟ್ಟಿಕೊಂಡಿವೆ, ಕೆಂಪು ಬಂದರೆ ಸಿಕ್ಕಷ್ಟು ಬಾಚಿಕೊಳ್ಳುವುದು. ಅವತ್ತು ಮಧ್ಯಾಹ್ನದವರೆಗೆ ನೋಡಿದ್ದರಲ್ಲಿ ನೀಲಿ ಕಡಿಮೆ, ಹಳದಿ ಹೆಚ್ಚು. ಒಂದೆರಡು ಟಕ್ ಟಕ್ ಅಂದವು, ಅವನ್ನು ಕೈಮುಗಿದು ಪಕ್ಕಕ್ಕಿಟ್ಟೆ.

ಇವನ್ನೆಲ್ಲ ಕಾಪಿ ಮಾಡಿ ಇಡುವುದಾದರೂ ಎಲ್ಲಿ? ಇನ್ನೊಂದು ಡಿಸ್ಕಿನಲ್ಲಿ ಇಟ್ಟರೆ ಅದೂ ನಾಳೆ ಹೀಗೆಯೇ ಸಾಯುತ್ತದೆ. ಒಂದಕ್ಕಿಂತ ಹೆಚ್ಚು ಡಿಸ್ಕು ಹಿಡಿಯುವ ಪೆಟ್ಟಿಗೆ ಬೇಕು ಅಂತ ಹುಡುಗಿ ಹಟ ಹಿಡಿದಳು. ಮರುದಿನ ಸಂಜೆ ಅವಳ ಆಫೀಸು ಬಿಟ್ಟ ಮೇಲೆ ಇಬ್ಬರೂ ಬಸ್ ಸ್ಟ್ಯಾಂಡಿನ ಹಿಂದಿರುವ ಕಂಪ್ಯೂಟರ್ ಅಂಗಡಿಗೆ ಹೋದೆವು. ಅಂಗಡಿಯವನು ನನಗೆ ಹಳೆಯ ಪರಿಚಯ.

“ಅಣ್ಣಾ, ನಾಲ್ಕು ಡಿಸ್ಕಿನ ಡಬ್ಬಿ ತಗೋರಿ. ನಾಲ್ಕೂ ಕೂಡಿಸಿ ಒಂದ ಮಾಡಿಬಿಡೋಣ. ಜಾಗಾ ಬೇಜಾನ್, ಸ್ಪೀಡ್ ತೋ ಪೂಛೋಚ್ ನಕೋ, ಕೇಳಲೇಬ್ಯಾಡ್ರಿ!” ಅಂದ.

“ಒಂದು ಸತ್ರ?” ಅಂತ ಹುಡುಗಿ ಕೇಳಿದಳು.

“ಹಂಗ ಕೂಡಿಸಿದ್ರ ಒಂದು ಸತ್ರ ಎಲ್ಲಾ ಹೋತಮ್ಮಾ” ಅಂತ ಅವನು ಸುಳ್ಳು ಹೇಳದೆ ಒಪ್ಪಿಕೊಂಡ. “ಇನ್ನೊಂದು ತರಾ ಐತಿ. ನಾಲ್ಕರಾಗ ಒಂದು ಸತ್ರೂ ಉಳದ ಮೂರು ಸೇರಿ ಅದರ ಲೆಕ್ಕ ತುಂಬಿ ಕೊಡ್ತಾವ.”

ಅದು ನನಗೆ ಹಿಡಿಸಿತು. ಆದರೆ ಮನಸ್ಸು ಪೂರ್ತಿ ಒಪ್ಪಲಿಲ್ಲ. ಸತ್ತ ಡಿಸ್ಕಿನ ಜಾಗಕ್ಕೆ ಹೊಸದು ಹಾಕಿದರೆ ಉಳಿದ ಮೂರೂ ಹಗಲೂ ರಾತ್ರಿ ದುಡಿದು ಅದನ್ನು ತುಂಬಿಸಬೇಕು. ನಮ್ಮ ಊರಿನ ಬೇಸಿಗೆ, ನಮ್ಮ ಊರಿನ ಕರೆಂಟು. ಆ ದುಡಿತದಲ್ಲಿ ಇನ್ನೊಂದು ಮಲಗಿದರೆ ಗತಿಯೇನು? ಆಮೇಲೆ ಆ ಪೆಟ್ಟಿಗೆ ಕೆಟ್ಟರೆ ಅಂಥದ್ದೇ ಪೆಟ್ಟಿಗೆ ಹುಡುಕಿಕೊಂಡು ಹೋಗಬೇಕು. ನನಗೆ ಬೇಕಿದ್ದದ್ದು ನಾನಿಲ್ಲದ ಕಾಲಕ್ಕೂ ಈ ಹುಡುಗಿ ಸ್ಕ್ರೂ ಬಿಚ್ಚಿ, ಒಂದು ಡಿಸ್ಕು ಎತ್ತಿಕೊಂಡು ಯಾವ ಕಂಪ್ಯೂಟರಿಗೆ ಹಾಕಿದರೂ ಓದಬಹುದಾದಂಥದ್ದು.

ಕೊನೆಗೆ ಎರಡು ಡಿಸ್ಕಿನ ಸಾದಾ ಪೆಟ್ಟಿಗೆಗೆ ಬಂದು ನಿಂತೆವು. ಒಂದರಲ್ಲಿ ಬರೆದದ್ದನ್ನೇ ಇನ್ನೊಂದರಲ್ಲೂ ಅದೇ ಗಳಿಗೆಗೆ ಬರೆಯುವಂಥದ್ದು. ನಮ್ಮ ಕಡೆ ಸೋಬಾನೆ ಹಾಡುವಾಗ ಇಬ್ಬರು ಒಂದು ಸಾಲು ಹೇಳುತ್ತಾರೆ, ಇನ್ನಿಬ್ಬರು ಅದೇ ಸಾಲನ್ನು ತಿರುಗಿ ಹೇಳುತ್ತಾರಲ್ಲ, ಹಾಗೆ. ಅಂಗಡಿಯವನು ಒಂದೇ ಕಂಪನಿಯ ಎರಡು ಡಿಸ್ಕು ಕೊಡಲು ಬಂದ. ನಾನು ಬೇಡ ಅಂದೆ. ಒಂದೇ ದಿನ ತಯಾರಾಗಿ ಒಂದೇ ಲಾರಿಯಲ್ಲಿ ಬಂದವು ಸಾಯುವುದೂ ಹಿಂದೆಮುಂದೆ ಒಟ್ಟಿಗೇ. ಒಂದು ಈ ಕಂಪನಿಯದು, ಒಂದು ಆ ಕಂಪನಿಯದು ಆರಿಸಿದೆ.

“ಇಷ್ಟಾದ್ರ ಸೇಫ್ ಏನ್ರಿ?” ಅಂದಳು ಹುಡುಗಿ.

“ಪೂರಾ ಅಲ್ಲ” ಅಂದೆ. “ನೀ ಕೈ ತಪ್ಪಿ ಒಂದರಾಗ ಅಳಿಸಿದ್ರ ಇನ್ನೊಂದರಾಗೂ ಅಳೀತೈತಿ. ಮನೀಗೆ ಕಳ್ಳ ಬಂದ್ರ ಎರಡೂ ಒಯ್ತಾನ. ಅದಕ್ಕ ಮೂರನೇದೊಂದು ಬ್ಯಾರೆ ತಗೊಂಡು, ಕಾಪಿ ಮಾಡಿ, ಪೆದ್ದಕಡುಬೂರಿನ್ಯಾಗ ನಿಮ್ಮವ್ವನ ಪೆಟಿಗ್ಯಾಗ ಇಡು.”

ಅವಳು ಆ ಮೂರನೆಯದನ್ನೂ ಅಲ್ಲೇ ಆರಿಸಿಕೊಂಡಳು. ಮನೆಗೆ ತಂದ ಮೇಲೆ ಹೊಸವು ಅಂತ ನಾನು ನಂಬಲಿಲ್ಲ. ಒಂದೊಂದನ್ನೂ ತುಂಬಿಸಿ, ಓದಿಸಿ, ಬಿಸಿಯಾಗಿಸಿ, ಆರಿಸಿ, ಮತ್ತೆ ಓದಿಸಿದೆ. ಹಳಬರನ್ನು ದಣಿಸಬಾರದು, ಹೊಸಬರನ್ನು ಬಿಡಬಾರದು. ನನ್ನ ಹೆಂಡತಿ ಕುಂಕುಮದ ಭರಣಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಹೊಸಾವು ಮನೀಗೆ ಬಂದಾವ, ಒಂದು ಬೊಟ್ಟು…” ಅಂದಳು. ಡಬ್ಬದ ಹೊರಗೆ ಇಡು ಅಂತ ರಾಜಿ ಮಾಡಿಕೊಂಡೆವು.

ಅವನ ದನಿ ಮೊದಲು ಸಿಕ್ಕಿದ್ದು ದೇವನಕೊಂಡದ ಒಂದು ಮದುವೆಯಲ್ಲಿ. ಹಳದಿ ಬಣ್ಣ ತೋರಿಸಿದ ಡಿಸ್ಕು. ಕಾಪಿ ಮುಗಿದು ಫೈಲು ತೆರೆದೆ. ನನ್ನ ಕೈ ರೂಢಿಯಂತೆ ಸ್ಪೀಕರಿನ ಬಟನ್ನಿಗೆ ಹೋಗಿ, ಈ ಸಲ ಬಂದ್ ಇದ್ದದ್ದನ್ನು ಆನ್ ಮಾಡಿತು. ಹಂದರದ ಕೆಳಗೆ ಜನ ಅತ್ತಿತ್ತ ಓಡಾಡುತ್ತಿದ್ದರು. ಒಮ್ಮೆಲೇ ಕೋಣೆ ತುಂಬ ಅವನು ಬಂದ.

“ಏ, ಕುರ್ಚಿ ಮ್ಯಾಲ ಯಾಕ ನಿಂತೀಯೋ, ಕ್ಯಾಮೆರಾಕ್ಕ ನಿನ್ನ ಕಾಲು ಬೇಕೇನು? ಇಳೀ ಕೆಳಗ!”

ಎಷ್ಟೋ ವರ್ಷ ಕೇಳದ ದನಿ. ಹೆಂಡತಿ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಸ್ಕ್ರೀನಿನಲ್ಲಿ ಅವನನ್ನು ಹುಡುಕಿದಳು. ಅವನು ಅಲ್ಲಿರಲಿಲ್ಲ. ಹುಡುಗಿ ಮಾತ್ರ ಅಲ್ಲಾಡದೆ ಕೂತಿದ್ದಳು. ಆಮೇಲೆ ಅವಳಿಗೆ ನಗು ಬಂತು. ಬಾಯಿಗೆ ದುಪಟ್ಟಾ ಅಡ್ಡ ಹಿಡಿದುಕೊಂಡು ನಕ್ಕಳು. ತಿರುಗಿ ಹಚ್ಚಿ ಅಂದಳು, ತಿರುಗಿ ನಕ್ಕಳು.

ಮುಂದಿನ ಕೆಲವು ವಾರ ಭಾನುವಾರವೆಲ್ಲ ಅದೇ ಕೆಲಸ. ಒಂದು ಡಿಸ್ಕು ಕಾಪಿ ಆಗುತ್ತಿದ್ದರೆ ಇನ್ನೊಂದನ್ನು ಕೇಳುವುದು. ಅವನು ಹುಡುಗರಿಗೆ ಬೈದ, ಬಾಜಾದವರಿಗೆ ಬೈದ, ಲೈಟಿಗೆ ಬಂದ ಹುಳಕ್ಕೆ ಬೈದ. ಒಬ್ಬ ಅಜ್ಜಿಗೆ “ಆಯೀ, ನಗು, ಹಲ್ಲಿಲ್ಲಂದ್ರೂ ನಡೀತೈತಿ” ಅಂದ. ನನಗೂ ಒಂದು ಕಡೆ ಬೈದಿದ್ದ, ಬ್ಯಾಟರಿ ಸರಿಯಾಗಿ ಚಾರ್ಜ್ ಮಾಡಿ ಕಳಿಸಿಲ್ಲ ಅಂತ. ಆ ಬೈಗುಳ ನನಗೆ ಬಹಳ ಇಷ್ಟವಾಯಿತು, ಅದನ್ನು ನನ್ನ ಫೋನಿಗೆ ಹಾಕಿಕೊಂಡೆ.

ನಾನು ಉತ್ಸಾಹದಿಂದ ಅವನ ಮಾತುಗಳನ್ನಷ್ಟೇ ಕತ್ತರಿಸಿ, ಒಂದಕ್ಕೊಂದು ಜೋಡಿಸಿ, ಒಂದು ಚೆಂದದ ಫೈಲು ಮಾಡಿಕೊಟ್ಟೆ. ಅವಳು ಕೇಳಿ, “ನಡುವ ಸುಮ್ಮನಿದ್ದದ್ದನ್ನೆಲ್ಲ ಯಾಕ ತೆಗದ್ರಿ ಕಾಕಾ?” ಅಂದಳು. “ಬೈಯದಿದ್ದಾಗ ಏನ್ ನೋಡ್ತಿದ್ದ ಅಂತ ನನಗ ಅದೂ ಬೇಕ್ರಿ.” ಅದು ನನಗೆ ಹೊಳೆದೇ ಇರಲಿಲ್ಲ. ನಾನು ಇಷ್ಟು ವರ್ಷ ಅವನ ವಿಡಿಯೋದಲ್ಲಿ ಮದುವೆ ನೋಡಿದ್ದೆ. ಅವಳು ನೋಡುತ್ತಿದ್ದದ್ದು ಅವನ ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಅನ್ನುವುದನ್ನು.

ಆದರೆ ದಿನ ಕಳೆದಂತೆ ಅವಳ ನಗು ಕಡಿಮೆಯಾಯಿತು. ಒಂದು ಸಂಜೆ ಬಸ್ಸಿಗೆ ಹೊರಟವಳು ಬಾಗಿಲಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತ ಕೇಳಿದಳು.

“ನನಗೂ ಹಿಂಗ ಒದರ್ತಿದ್ದನೇನ್ರಿ?”

“ಇಲ್ಲವ್ವ, ಸಣ್ಣ ಕೂಸಿಗೆ ಯಾರು ಒದರ್ತಾರ?” ಅಂದೆ. ಆದರೆ ನನಗೆ ಗೊತ್ತಿರಲಿಲ್ಲ. ಅವನ ಮನೆಯಲ್ಲಿ ಅವನು ಹೇಗಿದ್ದ ಅಂತ ನಾನು ನೋಡಿದ್ದು ಕಡಿಮೆ. ನಮ್ಮ ಗೆಳೆತನವೆಲ್ಲ ಸ್ಟುಡಿಯೋದಲ್ಲೇ ಮುಗಿಯುತ್ತಿತ್ತು. ಅವಳು ನನ್ನ ಮುಖ ನೋಡಿದ ರೀತಿಯಲ್ಲೇ ನನ್ನ ಮಾತು ನಂಬಲಿಲ್ಲ ಅಂತ ತಿಳಿಯಿತು. ಅವಳು ಹೋದ ಮೇಲೆ ನನಗೆ ಊಟ ಸೇರಲಿಲ್ಲ.

ಕೊನೆಗೆ ಒಂದೇ ಡಿಸ್ಕು ಉಳಿಯಿತು. ಅವಳು ಹುಟ್ಟಿದ ಮೇಲಿನ ವರ್ಷದ ಮದುವೆಗಳೆಲ್ಲ ಅದರಲ್ಲಿದ್ದವು. ಅದನ್ನು ಕಂಪ್ಯೂಟರಿಗೆ ಹಾಕಿದರೆ ಗುಂಯ್ ಇಲ್ಲ, ಟಕ್ ಟಕ್ ಇಲ್ಲ, ಕಂಪ್ಯೂಟರಿಗೆ ಡಿಸ್ಕು ಇದೆ ಅಂತಲೇ ಗೊತ್ತಾಗಲಿಲ್ಲ. ವೈರು ಬದಲಿಸಿದೆ, ಇನ್ನೊಂದು ಕಂಪ್ಯೂಟರಿಗೆ ಹಾಕಿದೆ. ಏನೂ ಇಲ್ಲ. ಹುಡುಗಿ ಕುರ್ಚಿಯ ತುದಿಯಲ್ಲಿ ಕೂತು ನನ್ನ ಕೈಗಳನ್ನೇ ನೋಡುತ್ತಿದ್ದಳು.

ಡಿಸ್ಕನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದೆ. ಉಳಿದ ಎಲ್ಲಕ್ಕಿಂತ ಇದರ ಕುಂಕುಮ ದಪ್ಪ. ನನ್ನ ಹೆಂಡತಿ ಯಾವುದೋ ವರ್ಷ ಇದಕ್ಕೆ ಧಾರಾಳವಾಗಿ ಇಟ್ಟಿದ್ದಳು. ಅದು ಒಣಗಿ, ಬಿರಿದು, ಬೋರ್ಡಿನ ಅಂಚಿನ ಸಂದಿಯಲ್ಲಿ ಒಳಗೆ ಇಳಿದಿತ್ತು. ಸಣ್ಣ ಸ್ಕ್ರೂಡ್ರೈವರಿನಿಂದ ಬೋರ್ಡು ಬಿಚ್ಚಿದೆ. ಒಳಮೈಯಲ್ಲಿ ಡಿಸ್ಕಿನ ಪಿನ್ನುಗಳು ಬಂದು ಮುಟ್ಟುವ ಹೊಳೆಯುವ ಬಿಂದುಗಳಿರುತ್ತವೆ. ಅವೆಲ್ಲ ಕಪ್ಪಗೆ ಕಿಲುಬು ಹಿಡಿದಿದ್ದವು, ಅಲ್ಲಲ್ಲಿ ಕೆಂಪು.

ಹೆಂಡತಿ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. “ಅದು ನನ್ನ ಕುಂಕುಮಾನೇನ್ರಿ?” ಅಂದಳು. ದನಿ ಸಣ್ಣಗಾಗಿತ್ತು. ನಾನು ಈ ಒಂದು ಗಳಿಗೆಗೆ ಎಷ್ಟೋ ವರ್ಷದಿಂದ ಕಾಯುತ್ತಿದ್ದೆ, ಬೆನ್ನು ಯಾವುದು ಮುಖ ಯಾವುದು ಅಂತ ಹೇಳಲಿಕ್ಕೆ. ಆದರೆ ಅವಳ ಮುಖ ನೋಡಿ ಬಾಯಿ ಬರಲಿಲ್ಲ. “ಗಾಳೀಗೆ ಕಿಲುಬು ಬಂದೈತಿ” ಅಂದೆ.

ಹಳೆಯ ಕಾಲದಲ್ಲಿ ಕಂಪ್ಯೂಟರ್ ಏಳದಿದ್ದರೆ ನಾವೆಲ್ಲ ಮಾಡುತ್ತಿದ್ದ ಒಂದು ಕೆಲಸವಿತ್ತು. ಮೆಮೊರಿಯ ಪಟ್ಟಿ ಕಿತ್ತು ರಬ್ಬರಿನಿಂದ ಉಜ್ಜುವುದು, ಶಾಲೆಯ ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರು. ಎದುರಿನ ಅಂಗಡಿಯಿಂದ ಒಂದು ತರಿಸಿ, ಆ ಬಿಂದುಗಳನ್ನು ಒಂದೊಂದಾಗಿ ಮೆಲ್ಲಗೆ ಉಜ್ಜಿದೆ. ಕಪ್ಪು ಹೋಗಿ ಹೊಳಪು ಬಂತು. ಕುಂಕುಮದ ಪುಡಿಯನ್ನು ಬ್ರಷ್ಷಿನಿಂದ ತೆಗೆಯುವಾಗ ಹೆಂಡತಿ ಒಂದು ಎಲೆಯ ಮೇಲೆ ಅದನ್ನು ಹಿಡಿದುಕೊಂಡಳು, ನೆಲಕ್ಕೆ ಬೀಳಬಾರದು ಅಂತ. ಬೋರ್ಡು ತಿರುಗಿ ಕೂರಿಸಿ, ಸ್ಕ್ರೂ ಬಿಗಿದು, ಕಂಪ್ಯೂಟರಿಗೆ ಹಾಕಿದೆ.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗುಂಯ್ ಅಂತ ತಿರುಗಿತು.

ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ಬಣ್ಣ ಯಾವುದು ಅಂತಲೂ ನೋಡಲಿಲ್ಲ. ನೇರವಾಗಿ ಹೊಸ ಪೆಟ್ಟಿಗೆಗೆ ಕಾಪಿಗೆ ಹಚ್ಚಿ, ಮೂವರೂ ಅದರ ಮುಂದೆ ಕೂತೆವು. ಊಟವನ್ನು ಅಲ್ಲಿಗೇ ತಂದುಕೊಂಡೆವು. ಕಾಪಿ ಮುಗಿದ ಮೇಲೆ ಹಾಲಹರವಿಯ ಒಂದು ಮದುವೆ ತೆರೆದೆ. ಅದು ನನಗೆ ಚೆನ್ನಾಗಿ ನೆನಪಿತ್ತು, ಕಾರಣ ಅದು ಅವನ ಹೆಂಡತಿಯ ಕಡೆಯ ಬಂಧುಗಳದು, ಮತ್ತು ಅದರಲ್ಲಿ ತಲಂಬ್ರವೇ ಇರಲಿಲ್ಲ. ಗಂಡು ಹೆಣ್ಣು ಒಬ್ಬರ ತಲೆಯ ಮೇಲೊಬ್ಬರು ಅಕ್ಕಿ ಸುರಿಯುವ ಆ ಶಾಸ್ತ್ರವಿಲ್ಲದ ಮದುವೆ ವಿಡಿಯೋವನ್ನು ಯಾರು ಒಪ್ಪುತ್ತಾರೆ? ಬೀಗರು ಬಂದು ಸ್ಟುಡಿಯೋದಲ್ಲಿ ಗಲಾಟೆ ಮಾಡಿದ್ದರು. ಆ ಹೊತ್ತಿಗೆ ಬ್ಯಾಟರಿ ಕೈಕೊಟ್ಟಿತು ಅಂತ ಅವನು ಅವರಿಗೂ ಹೇಳಿದ್ದ, ನನಗೂ ಹೇಳಿದ್ದ. ಆ ಜಾಗಕ್ಕೆ ನಾನು ಹಂಸಗಳನ್ನು ಬಿಟ್ಟು ಕೈತೊಳೆದುಕೊಂಡಿದ್ದೆ.

ಈಗ ದನಿಯ ಸಮೇತ ನೋಡಿದೆ. ತಾಳಿಯಾಯಿತು. ಬಾಜಾದವರು ವಾದ್ಯ ಕೆಳಗಿಟ್ಟು ಬೀಡಿ ಹಚ್ಚಿದರು. ಇವನು ಇಬ್ಬರು ಮೂವರಿಗೆ ಬೈದ. ಅಕ್ಕಿಯ ತಟ್ಟೆ ಬಂ‍ತು. ಅಷ್ಟರಲ್ಲಿ ಕ್ಯಾಮೆರಾ ಮೆಲ್ಲಗೆ ಎಡಕ್ಕೆ ತಿರುಗಿತು. ಜಮಖಾನೆಯ ಮೇಲೆ ಕೂತ ಹೆಂಗಸರನ್ನು ಒಬ್ಬೊಬ್ಬರಾಗಿ ದಾಟಿತು. ಕಂಬಕ್ಕೆ ಒರಗಿ ಕೂತಿದ್ದ ಅವನ ಹೆಂಡತಿಯ ಹತ್ತಿರ ಹೋಗಿ ನಿಂತಿತು. ಅವಳ ತೊಡೆಯ ಮೇಲೆ ಒಂದು ಕೂಸು ಬಾಯಿ ತೆರೆದು ಮಲಗಿತ್ತು. ಹೊಸ ಅಂಗಿ, ಕೆನ್ನೆಗೆ ದೃಷ್ಟಿಬೊಟ್ಟು, ಬೆವರಿದ ಹಣೆ. ಕ್ಯಾಮೆರಾ ಇನ್ನೂ ಹತ್ತಿರ ಹೋಯಿತು. ಅಲ್ಲಾಡಲಿಲ್ಲ. ಎಡಿಟ್ ಮಾಡುವಾಗ ನಾನು ಇದನ್ನು ನೋಡಿಯೂ ಇದ್ದೆ, ಸ್ಪೀಕರ್ ಬಂದ್ ಇತ್ತಲ್ಲ, ಕ್ಯಾಮೆರಾ ಆನ್ ಇಟ್ಟು ಎಲ್ಲೋ ಹೋಗಿದ್ದಾನೆ, ಅದಕ್ಕೇ ಬ್ಯಾಟರಿ ಖಾಲಿಯಾಗಿದೆ ಅಂತ ಕತ್ತರಿಸಿ ಎಸೆದಿದ್ದೆ.

ಅವನು ಎಲ್ಲೂ ಹೋಗಿರಲಿಲ್ಲ. ಮೈಕಿನಲ್ಲಿ ಅವನ ಉಸಿರು ಕೇಳುತ್ತಿತ್ತು. ಹಿಂದಿನಿಂದ ಯಾರೋ ದೊಡ್ಡ ದನಿಯಲ್ಲಿ ಕೂಗಿದರು. “ಏ ವಿಡಿಯೋದಣ್ಣಾ, ತಲಂಬ್ರ ಶುರು ಆತು! ಎಲ್ಲಿ ನೋಡಾಕತ್ತೀ? ಇತ್ಲಾಗ ಬಾರಪೋ!”

ಆಗ ಅವನು ಮಾತಾಡಿದ. ಅಂಥ ದನಿ ನಾನು ಅವನ ಬಾಯಲ್ಲಿ ಎಂದೂ ಕೇಳಿರಲಿಲ್ಲ.

“ಸಣ್ಣಗ ಮಾತಾಡ್ರಿ. ನನ್ನ ಮಗಳು ಮಲಗ್ಯಾಳ.”

ಮದುವೆ ಮನೆಯಲ್ಲಿ, ಅಷ್ಟು ಜನರ ನಡುವೆ ನಿಂತುಕೊಂಡು, ಅವನು ಹಾಗೆ ಹೇಳಿದ. ನನ್ನ ಕಣ್ಣು ಮಂಜಾಯಿತು. ಹೆಂಡತಿ ಸೆರಗಿನಲ್ಲಿ ಮುಖ ಒತ್ತಿಕೊಂಡಳು. ಹುಡುಗಿ ಅಳಲಿಲ್ಲ. ಸ್ಕ್ರೀನಿಗೆ ಇನ್ನಷ್ಟು ಹತ್ತಿರ ಸರಿದು ಕೂತು, “ಇನ್ನೊಮ್ಮೆ ಹಚ್ರಿ ಕಾಕಾ” ಅಂದಳು.

ಹಚ್ಚಿದೆ. ಆ ಮಾತು ಬಹಳ ಮೆಲ್ಲಗಿತ್ತು, ಫ್ಯಾನಿನ ಸದ್ದಿನಲ್ಲಿ ಅವಳಿಗೆ ಸರಿಯಾಗಿ ಕೇಳಿಸಲಿಕ್ಕಿಲ್ಲ ಅಂತ ನಾನು ಸ್ಪೀಕರ್ ಜೋರು ಮಾಡಲು ಕೈ ಚಾಚಿದೆ. ಅವಳು ನನ್ನ ಮುಂಗೈ ಹಿಡಿದುಕೊಂಡಳು.

“ಬ್ಯಾಡ್ರಿ. ಸಣ್ಣಗ ಇರ್ಲಿ. ನಮ್ಮಪ್ಪ ಹೇಳ್ಯಾನಲ್ರಿ.”

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಹೆಂಡತಿ ಎದ್ದು ಫ್ಯಾನು ಆರಿಸಿ ಬಂದಳು. ಮೂವರೂ ಮಾತಾಡದೆ, ಮಲಗಿದ್ದ ಆ ಕೂಸನ್ನು ನೋಡುತ್ತ ಕೂತೆವು.